ಗೃಹವ್ಯವಹಾರ: ಕಡಲಾಚೆಯ ಸರಕು, ಉತ್ತರ ಹೇಳುವವರು ಯಾರು?

ಈ ತಿಂಗಳಿನ ಗೃಹವ್ಯವಹಾರದಲ್ಲಿ ನಾವು ವಿಚಾರಿಸಬೇಕೆಂದಿರುವ ವಿಷಯವು ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳ ಗೃಹಸ್ಥರಿಗೆ ಹೊಸದೂ ಹೌದು, ಹಳೆಯದೂ ಹೌದು. ವಿದೇಶದ ಗಡಿಯಾರ, ರೇಡಿಯೋ, ಟೇಪ್ ರೆಕಾರ್ಡರುಗಳ ಮೇಲೆ ನಮ್ಮ ಘಟ್ಟದ ಮೇಲಿನವರಿಗೆ ಆಸೆ ಹುಟ್ಟಿದುದು ಇಂದು ನಿನ್ನೆಯ ಮಾತಲ್ಲ. ಅಡಿಕೆ ಮಾರಿ ಕೈಯಲ್ಲಿ ನಾಲ್ಕು ಕಾಸು ಆಡಿದ ವರ್ಷ ಘಟ್ಟವಿಳಿದು ಭಟ್ಕಳದ ಪೇಟೆಗೆ ಹೋಗಿ, ಗಲ್ಫ್ ದೇಶಗಳಿಂದ ಬಂದ ಸಾಮಾನುಗಳನ್ನು ಮಾರುವ ಅಂಗಡಿಗಳಲ್ಲಿ ಒಂದೆರಡು ವಸ್ತುಗಳನ್ನು ಕೊಂಡುಬರುವುದು ಒಂದು ಕಾಲದಲ್ಲಿ ದೊಡ್ಡ ಸಂಭ್ರಮವೇ ಆಗಿತ್ತು. ಆ ವಸ್ತುವಿಗೆ ಅನೇಕ ವೇಳೆ ವಾರಂಟಿಯ ಕಾಗದವಿರುತ್ತಿರಲಿಲ್ಲ. ಆದರೆ ಅಂಗಡಿಯಿತ್ತು, ಅಂಗಡಿಯಲ್ಲಿ ಅಂಗಡಿಕಾರನಿದ್ದನು. ಕೊಂಡ ರೇಡಿಯೋ ಮಾತನಾಡದೆ ಹೋದರೆ ಮತ್ತೊಮ್ಮೆ ಘಟ್ಟವಿಳಿದು ಅವನ ಎದುರಿಗೆ ನಿಂತು ಕೇಳಬಹುದಾಗಿತ್ತು. ಅವನು ಬದಲಿ ಕೊಡುತ್ತಿದ್ದನೋ, ಬಿಡುತ್ತಿದ್ದನೋ, ಉತ್ತರವನ್ನಂತೂ ಕೊಡಲೇಬೇಕಾಗಿತ್ತು.

ಈಗ ಘಟ್ಟವಿಳಿಯುವ ಶ್ರಮವಿಲ್ಲ. ಜಗುಲಿಯ ಮೇಲೆ ಕುಳಿತು ಮೊಬೈಲಿನ ಪರದೆಯನ್ನು ಒತ್ತಿದರೆ ಶೆಂಜೆನ್, ದುಬೈ, ಹಾಂಗ್‌ಕಾಂಗ್ ಮುಂತಾದ ಪಟ್ಟಣಗಳ ವರ್ತಕರು ತಮ್ಮ ಸರಕನ್ನು ನಮ್ಮ ಮುಂದೆ ಹರಡುತ್ತಾರೆ. ಕ್ಯಾಮೆರಾ, ಮೊಬೈಲು, ಲ್ಯಾಪ್‌ಟಾಪುಗಳ ಬೆಲೆಯು ಪೇಟೆಯಲ್ಲಿನ ಬೆಲೆಗಿಂತ ಹತ್ತಿಪ್ಪತ್ತು ಸಾವಿರ ಕಡಿಮೆಯಾಗಿ ಕಂಡಾಗ ಮನಸ್ಸು ಕರಗುವುದು ಸಹಜವೇ. ವರ್ಷಕ್ಕೊಮ್ಮೆ ಬರುವ ಫಸಲಿನ ಹಣದಲ್ಲಿ ಒಂದೇ ಒಂದು ದೊಡ್ಡ ವಸ್ತುವನ್ನು ಕೊಳ್ಳುವ ಕುಟುಂಬಕ್ಕೆ ಆ ಹತ್ತು ಸಾವಿರವು ಸಣ್ಣ ಮೊತ್ತವೇನೂ ಅಲ್ಲ. ಆದಕಾರಣ ಕೊಳ್ಳಬೇಡಿರೆಂದು ನಾವು ಇಲ್ಲಿ ಉಪದೇಶಿಸ ಹೊರಟಿಲ್ಲ. ಕೊಳ್ಳುವ ಮೊದಲು ಕೇಳಿಕೊಳ್ಳತಕ್ಕ ಒಂದು ಪ್ರಶ್ನೆಯಿದೆ: ನಾಳೆ ಈ ವಸ್ತು ಕೆಟ್ಟರೆ ಈ ದೇಶದಲ್ಲಿ ನಮಗೆ ಉತ್ತರ ಹೇಳುವವರು ಯಾರು? ಕಾಯಿದೆಯು ನಮಗೆ ಕೊಟ್ಟಿರುವ ಹಕ್ಕುಗಳು ಬಹಳ. ಆದರೆ ಅವು ಹಿಡಿಯುವುದಕ್ಕೆ ಸಿಗುವವನ ಮೇಲೆ ಮಾತ್ರ ನಡೆಯುತ್ತವೆ.

ಮೊದಲು ಶಬ್ದದ ವಿಚಾರವನ್ನು ಮುಗಿಸೋಣ. ವ್ಯಾಪಾರಿಗಳು ‘ಗ್ರೇ ಇಂಪೋರ್ಟ್’ ಎಂದು ಕರೆಯುವ ಸರಕನ್ನು ಕೆಲವರು ನಕಲಿ ಮಾಲೆಂದೂ, ಕೆಲವರು ಕಳ್ಳಸಾಗಣೆಯ ಮಾಲೆಂದೂ ತಿಳಿಯುವರು. ಇದು ಸರಿಯಲ್ಲ. ನಕಲಿ ಮಾಲೆಂದರೆ ಹೆಸರು ಒಬ್ಬರದು, ತಯಾರಿಕೆ ಮತ್ತೊಬ್ಬರದು. ಕಳ್ಳಸಾಗಣೆಯ ಮಾಲೆಂದರೆ ಸುಂಕವನ್ನು ವಂಚಿಸಿ ತಂದದ್ದು. ಗ್ರೇ ಎಂಬ ಬೂದುಬಣ್ಣದ ಮಾಲಾದರೋ ಅಸಲಿಯೇ. ಆ ಕಂಪನಿಯೇ ತಯಾರಿಸಿದ್ದು. ಆದರೆ ಬೇರೆ ಯಾವುದೋ ದೇಶದ ಪೇಟೆಗೆಂದು ತಯಾರಾದದ್ದನ್ನು, ಕಂಪನಿಯ ಅಧಿಕೃತ ದಾರಿಯಿಂದಲ್ಲದೆ, ಬೇರೊಬ್ಬ ವರ್ತಕನು ಅಲ್ಲಿ ಕೊಂಡು ಇಲ್ಲಿಗೆ ತಂದಿರುತ್ತಾನೆ. ಬೂದಿಯ ಬಣ್ಣವು ವಸ್ತುವಿನದಲ್ಲ, ಅದು ಬಂದ ದಾರಿಯದು. ಮೂರು ಬಗೆಯ ಮಾಲೂ ಒಂದೇ ಅಂಗಡಿಯ ಒಂದೇ ಕಪಾಟಿನಲ್ಲಿ ಕುಳಿತಿರಬಹುದೆಂಬುದು ಮಾತ್ರ ನೆನಪಿರಲಿ.

ಹೀಗೆ ಬೇರೆ ದಾರಿಯಿಂದ ತಂದು ಮಾರುವುದು ನಮ್ಮ ದೇಶದಲ್ಲಿ ತಪ್ಪೋ ಸರಿಯೋ ಎಂಬ ಪ್ರಶ್ನೆಯು ಸ್ಯಾಮ್‌ಸಂಗ್ ಕಂಪನಿಯ ಮುದ್ರಣಯಂತ್ರಗಳ ವಿಷಯವಾಗಿ ದಿಲ್ಲಿಯ ಉಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ೨೦೧೨ರ ಫೆಬ್ರವರಿಯಲ್ಲಿ ಏಕಸದಸ್ಯ ಪೀಠವು ಇದು ವ್ಯಾಪಾರಚಿಹ್ನೆಯ ಹಕ್ಕಿಗೆ ಭಂಗವೆಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ವಿಭಾಗೀಯ ಪೀಠವು ಆ ತೀರ್ಪನ್ನು ತಿದ್ದಿ, ಲೋಕದ ಯಾವ ಪೇಟೆಯಲ್ಲಾದರೂ ನ್ಯಾಯವಾಗಿ ಒಮ್ಮೆ ಮಾರಿದ ಅಸಲಿ ವಸ್ತುವನ್ನು ಇಲ್ಲಿಗೆ ತಂದು ಮಾರಬಹುದೆಂದಿತು. ಆದರೆ ಅದರೊಂದಿಗೆ ಒಂದು ಕಟ್ಟಳೆಯನ್ನೂ ವಿಧಿಸಿತು. ಈ ಸರಕು ಆಮದಾದದ್ದು, ಇದಕ್ಕೆ ಕಂಪನಿಯ ವಾರಂಟಿಯಾಗಲಿ ದುರಸ್ತಿಯ ಹೊಣೆಯಾಗಲಿ ಇಲ್ಲ, ಆ ಹೊಣೆಯು ಮಾರುವ ನಮ್ಮದೇ ಎಂದು ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆ ಬರೆದು ಹಾಕತಕ್ಕದ್ದು. ಕೊಳ್ಳುವವರ ದೃಷ್ಟಿಯಿಂದ ಈ ಕಟ್ಟಳೆಯು ಆ ತೀರ್ಪಿಗಿಂತಲೂ ಬೆಲೆಯುಳ್ಳದ್ದೆಂದು ನಮ್ಮ ಅಭಿಪ್ರಾಯ. ಕಂಪನಿಯು ಕೈತೊಳೆದುಕೊಂಡರೆ ಮಾರಿದವನು ಕೈಯೊಡ್ಡಬೇಕು, ಇಬ್ಬರೂ ಜಾರಿಕೊಳ್ಳುವಂತಿಲ್ಲ.

ಒಂದು ಉದಾಹರಣೆಯನ್ನು ಊಹಿಸೋಣ. ಯಲ್ಲಾಪುರ ಸೀಮೆಯ ಗೃಹಸ್ಥರೊಬ್ಬರು ಮಗಳ ಇಂಜಿನಿಯರಿಂಗ್ ಓದಿಗಾಗಿ ಪೇಟೆಯಲ್ಲಿ ೭೦,೦೦೦ ರೂಪಾಯಿ ಬೆಲೆಯುಳ್ಳ ಲ್ಯಾಪ್‌ಟಾಪನ್ನು ಅಂತರ್ಜಾಲದ ಮೂಲಕ ಬೆಂಗಳೂರಿನ ವರ್ತಕನೊಬ್ಬನಿಂದ ೫೮,೦೦೦ಕ್ಕೆ ತರಿಸಿಕೊಂಡರು. ಮೂರು ತಿಂಗಳಿಗೆ ಪರದೆಯು ಕಪ್ಪಾಯಿತು. ಹುಬ್ಬಳ್ಳಿಯ ಸೇವಾಕೇಂದ್ರಕ್ಕೆ ಹೊತ್ತೊಯ್ದರೆ, ಇದು ಸಿಂಗಾಪುರಕ್ಕೆಂದು ತಯಾರಾದ ಯಂತ್ರ, ಇಲ್ಲಿ ವಾರಂಟಿ ನಡೆಯದೆಂಬ ಉತ್ತರ ಬಂದಿತು. ಮಾರಿದವನನ್ನು ಕೇಳಿದರೆ, ಕಂಪನಿಯನ್ನು ವಿಚಾರಿಸಿರೆಂದನು. ಮಗಳ ಪರೀಕ್ಷೆ ಹತ್ತಿರ ಬಂದಿದೆ. ಮನೆಯಲ್ಲಿ ಇನ್ನೊಂದು ಯಂತ್ರಕ್ಕೆ ಹಣವಿಲ್ಲ. ಇಂತಹ ಸಂದರ್ಭದಲ್ಲಿ ಬಹುಮಂದಿ ಹಣೆಬರಹವೆಂದು ಸುಮ್ಮನಾಗುವರು. ಸುಮ್ಮನಾಗಬೇಕಾದುದಿಲ್ಲ.

೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯು ೨೦೨೦ರ ಜುಲೈ ೨೦ರಿಂದ ಜಾರಿಗೆ ಬಂದಿದೆ. ಅಂತರ್ಜಾಲದಲ್ಲಿ ಕೊಂಡವನೂ ಅಂಗಡಿಯ ಮೆಟ್ಟಲೇರಿ ಕೊಂಡವನಷ್ಟೇ ಗ್ರಾಹಕನೆಂದು ಅದು ಬಿಡಿಸಿ ಹೇಳಿದೆ. ಅದೇ ಜುಲೈಯಲ್ಲಿ ಹೊರಟ ಇ-ವಾಣಿಜ್ಯ ನಿಯಮಗಳ ಪ್ರಕಾರ, ವಸ್ತುವು ದೋಷವುಳ್ಳದ್ದಾಗಿದ್ದರೆ, ಇಲ್ಲವೆ ಜಾಹೀರಾತಿನಲ್ಲಿ ಹೇಳಿದ ಗುಣವು ಅದರಲ್ಲಿಲ್ಲದಿದ್ದರೆ, ಮಾರಿದವನು ಅದನ್ನು ಹಿಂದಕ್ಕೆ ಪಡೆಯಲು ಅಥವಾ ಹಣವನ್ನು ಮರಳಿಸಲು ನಿರಾಕರಿಸಕೂಡದು. ಆಮದಾದ ಸರಕಾದರೆ ಆಮದುದಾರನ ಹೆಸರನ್ನೂ ವಿವರವನ್ನೂ ತೋರಿಸಬೇಕು. ವಸ್ತುವು ಅಸಲಿಯೆಂಬುದಕ್ಕೆ ಭರವಸೆ ಕೊಡಬೇಕು. ಮಾರಾಟದ ತಾಣಕ್ಕೆ ದೂರುಗಳನ್ನು ವಿಚಾರಿಸುವ ಅಧಿಕಾರಿಯೊಬ್ಬನಿರಬೇಕು. ದೂರು ತಲುಪಿತೆಂದು ಆತನು ೪೮ ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಅದನ್ನು ಪರಿಹರಿಸಬೇಕು. ಬಿಲ್ಲನ್ನು ಕೊಡದಿರುವುದೇ ಅನುಚಿತ ವ್ಯಾಪಾರಪದ್ಧತಿಯೆಂದು ಕಾಯಿದೆಯಲ್ಲಿಯೇ ಹೇಳಿದೆ. ‘ಬಿಲ್ಲಿಲ್ಲದಿದ್ದರೆ ಇನ್ನೆರಡು ಸಾವಿರ ಕಡಿಮೆ’ ಎಂಬ ಮಾತಿಗೆ ಮರುಳಾದವರು ಎರಡು ಸಾವಿರಕ್ಕೆ ತಮ್ಮ ಸಾಕ್ಷಿಯನ್ನು ತಾವೇ ಮಾರಿದಂತಾಯಿತು.

ಅಷ್ಟೇ ಅಲ್ಲ. ವಸ್ತುವಿನ ದೋಷದಿಂದ ಮೈಗೆ ಅಪಾಯವಾದರೆ, ಉದಾಹರಣೆಗೆ ಚಾರ್ಜರು ಸಿಡಿದು ಕೈ ಸುಟ್ಟರೆ, ಆ ಹೊಣೆಗೆ ಪ್ರತ್ಯೇಕವಾದ ಅಧ್ಯಾಯವೇ ಈ ಕಾಯಿದೆಯಲ್ಲಿದೆ. ತಯಾರಕನು ಯಾರೆಂದು ತಿಳಿಯದಿದ್ದರೆ, ಅಥವಾ ಆತನು ಈ ದೇಶದ ಕಾಯಿದೆಗೆ ಒಳಪಡದಿದ್ದರೆ, ಮಾರಿದವನನ್ನೇ ಹೊಣೆ ಹಿಡಿಯಬಹುದು. ಮಾರಿದವನೆಂಬ ಶಬ್ದದಲ್ಲಿ ಆಮದು ಮಾಡಿದವನನ್ನೂ ಸೇರಿಸಿದ್ದಾರೆ. ಶಿರಸಿಯ ಛಾಯಾಗ್ರಾಹಕನೊಬ್ಬನು ಮದುವೆ ಮುಂಜಿಗಳಲ್ಲಿ ಚಿತ್ರ ತೆಗೆದು ಹೊಟ್ಟೆ ಹೊರೆಯುವುದಕ್ಕಾಗಿ ಕ್ಯಾಮೆರಾ ಕೊಂಡರೆ ಅದು ವ್ಯಾಪಾರಕ್ಕೆ ಕೊಂಡದ್ದೆಂದು ಅವನನ್ನು ಹೊರಗಿಡುವರೇ ಎಂದು ಕೆಲವರಿಗೆ ಸಂದೇಹ ಬರಬಹುದು. ಸ್ವಂತ ದುಡಿಮೆಯ ಜೀವನೋಪಾಯಕ್ಕೆಂದು ಕೊಂಡವನೂ ಗ್ರಾಹಕನೇ. ಮತ್ತೆ ಮಾರುವುದಕ್ಕಾಗಿ ಹತ್ತು ಕ್ಯಾಮೆರಾ ತರಿಸಿದವನು ಮಾತ್ರ ಅಲ್ಲ.

ಇದೆಲ್ಲವೂ ಮಾರುವವನು ಈ ದೇಶದಲ್ಲಿದ್ದಾಗಿನ ಮಾತು. ಕಡಲಾಚೆಯ ವರ್ತಕನಿಂದ ನೇರವಾಗಿ ತರಿಸಿಕೊಂಡಾಗ ಕಥೆಯೇ ಬೇರೆ. ಆಗ ಆಮದುದಾರರು ಯಾರು? ತರಿಸಿಕೊಂಡ ನಾವೇ! ಪೊಟ್ಟಣವು ವಿದೇಶೀ ಅಂಚೆ ಕಛೇರಿಯಲ್ಲಾಗಲಿ ಕೊರಿಯರಿನವರ ಉಗ್ರಾಣದಲ್ಲಾಗಲಿ ನಿಂತು, ಸುಂಕದ ಲೆಕ್ಕ ಮುಗಿದ ಮೇಲೆಯೇ ಮನೆಗೆ ಬರುವುದು. ಪರದೆಯ ಮೇಲೆ ಕಂಡ ಬೆಲೆಯಲ್ಲಿ ಈ ಸುಂಕವು ಅನೇಕ ವೇಳೆ ಸೇರಿರುವುದಿಲ್ಲ. ಪೊಟ್ಟಣವನ್ನು ತಂದ ಅಂಚೆಯವನು ಬಾಗಿಲಲ್ಲಿ ನಿಂತು ಕೇಳಿದಾಗಲೇ ಲಾಭದ ಲೆಕ್ಕವು ತಲೆಕೆಳಗಾಗುವುದು. ಸುಂಕದ ಪ್ರಮಾಣವು ಮುಂಗಡಪತ್ರದೊಡನೆ ಬದಲಾಗುವುದರಿಂದ ತರಿಸುವ ದಿನದ ದರವನ್ನೇ ವಿಚಾರಿಸಿ ಬೆಲೆಗೆ ಕೂಡಿಸಿ ನೋಡತಕ್ಕದ್ದು. ‘ಉಡುಗೊರೆಯೆಂದು ಬರೆದು ಕಳಿಸುತ್ತೇವೆ, ಚಿಂತೆ ಬೇಡ’ ಎಂದು ಕೆಲವು ವರ್ತಕರು ಧೈರ್ಯ ಹೇಳುವುದುಂಟು. ೨೦೧೯ರ ಡಿಸೆಂಬರಿನಿಂದ ಉಡುಗೊರೆಯ ಪೊಟ್ಟಣಕ್ಕೂ ಸುಂಕ ತಪ್ಪದು. ರಾಖಿಗೂ ಜೀವರಕ್ಷಕ ಔಷಧಗಳಿಗೂ ಮಾತ್ರ ಬಿಡುಗಡೆ. ಸುಳ್ಳು ಬೆಲೆ ಬರೆದದ್ದು ಸಿಕ್ಕಿಬಿದ್ದರೆ ಸರಕು ಜಪ್ತಿಯಾಗಬಹುದು. ಸುಳ್ಳನ್ನು ಬರೆದವನು ಶೆಂಜೆನ್ನಿನಲ್ಲಿ ಹಾಯಾಗಿರುತ್ತಾನೆ. ಜವಾಬು ಕೇಳುವುದು ವಿಳಾಸದಲ್ಲಿ ಹೆಸರಿದ್ದವರನ್ನು.

ನಮ್ಮ ಇ-ವಾಣಿಜ್ಯ ನಿಯಮಗಳು, ಭಾರತದಲ್ಲಿ ನೆಲೆಯಿಲ್ಲದಿದ್ದರೂ ಇಲ್ಲಿಯ ಗ್ರಾಹಕರಿಗೆ ಕ್ರಮವಾಗಿ ಸರಕನ್ನು ಮಾರುವ ಹೊರದೇಶದ ತಾಣಗಳಿಗೂ ಅನ್ವಯಿಸುತ್ತವೆ. ಕಾಗದದ ಮೇಲೆ ಇದು ಸರಿಯೇ. ಆದರೆ ಕಾರವಾರದಲ್ಲಿ ಹೊರಟ ಆಜ್ಞೆಯನ್ನು ಚೀನಾದ ಅಂಗಡಿಯೊಂದರ ಮೇಲೆ ಜಾರಿ ಮಾಡುವುದು ಗೃಹಸ್ಥನೊಬ್ಬನ ಕೈಯಲ್ಲಿ ಆಗುವ ಕೆಲಸವಲ್ಲವೆಂದು ಸ್ಪಷ್ಟವಾಗಿ ಹೇಳುವುದು ನಮ್ಮ ಕರ್ತವ್ಯ. ತಾಣವೇ ಒಂದು ದಿನ ಮಾಯವಾಗುವುದೂ ಉಂಟು. ೨೦೨೦ರ ನವೆಂಬರ್ ೨೪ರಂದು ಕೇಂದ್ರ ಸರಕಾರವು ೪೩ ಆ್ಯಪುಗಳನ್ನು ತಡೆದಾಗ, ಅಗ್ಗದ ಬಿಡಿಭಾಗಗಳಿಗೆ ನಮ್ಮ ದೇಶದಲ್ಲಿ ಬಹಳ ಹೆಸರಾಗಿದ್ದ ಅಲಿಎಕ್ಸ್‌ಪ್ರೆಸ್ ಸಹ ಆ ಪಟ್ಟಿಯಲ್ಲಿತ್ತು. ದೂರು ಹೇಳಬೇಕಾದ ಕಿಟಕಿಯೇ ಆ ದಿನ ಮುಚ್ಚಿತು.

ಆದುದರಿಂದ ಹೊರದೇಶದಿಂದ ತರಿಸುವವರಿಗೆ ವರ್ತಕನಿಗಿಂತಲೂ ಹಣ ಹೋಗುವ ದಾರಿಯೇ ಹೆಚ್ಚಿನ ಆಸರೆ. ಬ್ಯಾಂಕಿನ ಕಾರ್ಡಿನಿಂದ ಕೊಟ್ಟ ಹಣವನ್ನು, ಸರಕು ಬರಲಿಲ್ಲವೆಂದೋ ಹೇಳಿದಂತಿಲ್ಲವೆಂದೋ ತಕರಾರು ಹೂಡಿ, ಬ್ಯಾಂಕಿನ ಮೂಲಕವೇ ಹಿಂದಕ್ಕೆ ಕೇಳುವ ಏರ್ಪಾಡಿದೆ. ಬ್ಯಾಂಕಿನವರು ಇದನ್ನು ಚಾರ್ಜ್‌ಬ್ಯಾಕ್ ಎನ್ನುವರು. ಕಾರ್ಡಿನ ಸಂಸ್ಥೆಗಳು ಸಾಮಾನ್ಯವಾಗಿ ೧೨೦ ದಿನಗಳ ಅವಧಿಯನ್ನಿಟ್ಟಿರುವುದರಿಂದ, ‘ಇನ್ನೊಂದು ವಾರ ಕಾಯಿರಿ’ ಎಂದು ವರ್ತಕನು ಹೇಳುತ್ತಲೇ ಹೋದರೆ ಕಾಯುತ್ತ ಕೂರತಕ್ಕದ್ದಲ್ಲ. ಆ ಪತ್ರವ್ಯವಹಾರವನ್ನೆಲ್ಲ ಜೋಡಿಸಿ ಬ್ಯಾಂಕಿಗೆ ಬರೆದು ಕೊಡಬೇಕು. ಬ್ಯಾಂಕು ೩೦ ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರ ಬಾಗಿಲಿದೆ. ಕಾರ್ಡಿನ ಬದಲು ನೇರವಾಗಿ ತನ್ನ ಖಾತೆಗೆ ಹಣ ಹಾಕಿರೆನ್ನುವ ವರ್ತಕನಿಗೆ ದೂರದಿಂದಲೇ ನಮಸ್ಕಾರ ಮಾಡುವುದು ಲೇಸು. ೨೦೨೦ರ ಅಕ್ಟೋಬರ್ ೧ರಿಂದ ಹೊಸ ಕಾರ್ಡುಗಳಲ್ಲಿ ಹೊರದೇಶದ ಪಾವತಿಯು ಮುಚ್ಚಿಯೇ ಇರುತ್ತದೆ. ನಾವಾಗಿ ತೆರೆದರೆ ಮಾತ್ರ ತೆರೆಯುವುದು. ಕೆಲಸ ಮುಗಿದ ಮೇಲೆ ಆ ಬಾಗಿಲನ್ನು ಮತ್ತೆ ಮುಚ್ಚುವುದನ್ನು ಮರೆಯಬಾರದು.

ಇನ್ನು ಮೂರನೆಯ ದಾರಿ. ಅಮೇರಿಕದಲ್ಲಿರುವ ಮಗನೋ ಅಳಿಯನೋ ರಜೆಗೆ ಬರುವಾಗ ತಂದುಕೊಡುವ ವಸ್ತು. ಇಲ್ಲಿ ಮಾರಾಟವೇ ನಮ್ಮ ದೇಶದಲ್ಲಿ ನಡೆದಿರುವುದಿಲ್ಲವಾಗಿ ಇಲ್ಲಿಯ ಗ್ರಾಹಕರ ಹಕ್ಕಿನ ಮಾತಿಲ್ಲ. ಆದರೆ ನಮ್ಮ ಸೀಮೆಯ ಮನೆಗಳಲ್ಲಿ ಹೆಚ್ಚು ತೊಂದರೆ ಕೊಡುವುದು ಇದೇ ಪ್ರೀತಿಯ ಕೊಡುಗೆ. ೨೦೨೨ರ ಸಪ್ಟೆಂಬರಿನಲ್ಲಿ ಬಂದ ಐಫೋನ್ ೧೪ರಿಂದ ಮೊದಲುಗೊಂಡು ಅಮೇರಿಕಕ್ಕೆಂದು ತಯಾರಾದ ಐಫೋನುಗಳಲ್ಲಿ ಸಿಮ್ ಕಾರ್ಡನ್ನು ಇಡುವ ಗೂಡೇ ಇಲ್ಲ. ಇ-ಸಿಮ್ ಒಂದೇ ಗತಿ. ಬಿಎಸ್‌ಎನ್‌ಎಲ್‌ನವರು ಇ-ಸಿಮ್ ಕೊಡಲಾರಂಭಿಸಿದ್ದು ೨೦೨೫ರಲ್ಲಿ. ಘಟ್ಟದ ಕಣಿವೆಯ ಎಷ್ಟೋ ಮನೆಗಳಿಗೆ ಬಿಎಸ್‌ಎನ್‌ಎಲ್ ಬಿಟ್ಟರೆ ಬೇರೆ ಗಾಳಿಯೇ ತಾಗದಿರಲು, ಲಕ್ಷ ರೂಪಾಯಿಯ ಫೋನು ಬಂದರೂ ಡಾಕ್ಟರನ್ನು ಕರೆಯಲು ಹಳೆಯ ಡಬ್ಬಿ ಫೋನೇ ಬೇಕಾದ ಪ್ರಸಂಗ ಅದಕ್ಕೆ ಮೊದಲು ಬರುತ್ತಿತ್ತು. ಈಗಲೂ ಫೋನನ್ನು ಕೊಳ್ಳುವ ಮೊದಲು, ಅದು ಯಾವ ತರಂಗಗಳನ್ನು ಹಿಡಿಯುತ್ತದೆ, ನಮ್ಮ ಊರಿನ ಗೋಪುರದಿಂದ ಯಾವುದು ಬರುತ್ತದೆ ಎಂಬುದನ್ನು ಮಗನಿಗೆ ಕಾಗದ ಬರೆದಾದರೂ ಕೇಳಿಸಬೇಕು. ಅಮೇರಿಕದ ಮನೆಗಳ ವಿದ್ಯುತ್ತು ೧೨೦ ವೋಲ್ಟು, ನಮ್ಮದು ೨೩೦. ಫೋನು, ಲ್ಯಾಪ್‌ಟಾಪುಗಳ ಚಾರ್ಜರುಗಳು ಸಾಮಾನ್ಯವಾಗಿ ಎರಡಕ್ಕೂ ಒಗ್ಗುತ್ತವೆ. ಅಲ್ಲಿಯ ಮಿಕ್ಸರು, ತಲೆಗೂದಲು ಒಣಗಿಸುವ ಯಂತ್ರಗಳು ಒಗ್ಗುವುದು ಅಪರೂಪ, ಬೆನ್ನಿನ ಮೇಲಿನ ಅಕ್ಷರವನ್ನು ಓದದೆ ಗೋಡೆಗೆ ಸಿಕ್ಕಿಸಿದರೆ ಒಂದೇ ಗಳಿಗೆಯ ಆಟ.

ಪೆಟ್ಟಿಗೆಯನ್ನು ಓದುವ ಅಭ್ಯಾಸದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಚಾಲಿ ಯಾವುದು, ರಾಶಿ ಯಾವುದು, ಬೆಟ್ಟೆ ಯಾವುದು ಎಂದು ಕೈಗೆ ತೆಗೆದುಕೊಂಡ ಕ್ಷಣದಲ್ಲಿ ಹೇಳಬಲ್ಲ, ಮಾರಾಟದ ಚೀಟಿಯ ಒಂದೊಂದು ಅಂಕಿಯನ್ನೂ ಎರಡು ಬಾರಿ ಕೂಡಿ ನೋಡುವ ನಮ್ಮ ತೋಟಿಗರು, ಐವತ್ತು ಸಾವಿರದ ಯಂತ್ರದ ಪೆಟ್ಟಿಗೆಯ ಮೇಲೆ ಏನು ಬರೆದಿದೆಯೆಂದು ನೋಡದೆ ಹರಿದೊಗೆಯುವುದು ನಮಗೆ ಸೋಜಿಗವಾಗಿ ತೋರುತ್ತದೆ. ೨೦೧೧ರ ಪೊಟ್ಟಣ ಸರಕಿನ ನಿಯಮಗಳ ಪ್ರಕಾರ, ಆಮದಾಗಿ ಇಲ್ಲಿ ಮಾರಾಟಕ್ಕಿರುವ ಪೆಟ್ಟಿಗೆಯ ಮೇಲೆ ಆಮದುದಾರನ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ, ತಯಾರಾದ ದೇಶ, ದೂರು ಹೇಳತಕ್ಕ ದೂರವಾಣಿ ಇವೆಲ್ಲ ಇರಲೇಬೇಕು. ರೂಪಾಯಿಯಲ್ಲಿ ಬೆಲೆಯಿಲ್ಲದೆ ಡಾಲರನ್ನೋ ದಿರ್ಹಮನ್ನೋ ಮಾತ್ರ ನಮೂದಿಸಿದ್ದರೆ ಅದು ಬಂದ ದಾರಿ ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಮೊಬೈಲು, ಚಾರ್ಜರು, ಪವರ್ ಬ್ಯಾಂಕುಗಳಂತಹ ವಸ್ತುಗಳಿಗೆ ಭಾರತೀಯ ಮಾನಕ ಸಂಸ್ಥೆಯಲ್ಲಿ ಕಡ್ಡಾಯ ನೋಂದಣಿಯಿದೆ. ‘ಆರ್’ ಎಂಬ ಅಕ್ಷರದ ಮುಂದೆ ಎಂಟು ಅಂಕಿಗಳ ಸಂಖ್ಯೆಯು ವಸ್ತುವಿನ ಮೇಲೆ ಇರುತ್ತದೆ. ಆ ಸಂಖ್ಯೆಯು ಸಾಚಾ ಹೌದೋ ಅಲ್ಲವೋ ಎಂಬುದನ್ನು ‘ಬಿಐಎಸ್ ಕೇರ್’ ಎಂಬ ಆ್ಯಪಿನಲ್ಲಿ ನೋಡಬಹುದು. ಮೊಬೈಲಿನಲ್ಲಿ *#೦೬# ಒತ್ತಿದರೆ ೧೫ ಅಂಕಿಗಳ ಐಎಂಇಐ ಸಂಖ್ಯೆ ಕಾಣುವುದು. ಇಂಗ್ಲಿಷಿನ ಕೆ, ವೈ, ಎಂ ಅಕ್ಷರಗಳನ್ನು ಬರೆದು, ಸ್ವಲ್ಪ ಜಾಗ ಬಿಟ್ಟು ಆ ಸಂಖ್ಯೆಯನ್ನು ಸೇರಿಸಿ ೧೪೪೨೨ಕ್ಕೆ ಸಂದೇಶ ಕಳಿಸಿದರೆ ಫೋನಿನ ಜಾತಕವು ತಿಳಿದುಬರುವುದು. ಹಣ ಕೊಡುವ ಮೊದಲೇ ಇದನ್ನು ಮಾಡಿದರೆ ಅಂಗಡಿಕಾರನು ಬೇಸರಪಟ್ಟಾನೆಂದು ಸಂಕೋಚಪಡುವವರೂ ನಮ್ಮಲ್ಲಿದ್ದಾರೆ. ಬೇಸರಪಡುವ ಅಂಗಡಿಯಲ್ಲಿ ಕೊಳ್ಳದಿರುವುದೇ ಒಳ್ಳೆಯದು.

ವ್ಯಾಜ್ಯವೆಂದರೆ ಹೆದರುವ ಮನೆಗಳಿಗೆ ಈಗಿನ ವ್ಯವಸ್ಥೆಯು ಮೊದಲಿನಷ್ಟು ಕಠಿಣವಲ್ಲ. ೧೯೮೬ರ ಹಳೆಯ ಕಾಯಿದೆಯಲ್ಲಿ ದೂರುದಾರನ ವಾಸದ ಊರು ಲೆಕ್ಕಕ್ಕಿರಲಿಲ್ಲ. ಎದುರುಪಕ್ಷದವನಿರುವ ಅಥವಾ ವ್ಯವಹಾರ ನಡೆದ ಸ್ಥಳದಲ್ಲಿಯೇ ದೂರು ಹೂಡಬೇಕಾಗಿತ್ತು. ಹೊಸ ಕಾಯಿದೆಯಲ್ಲಿ ನಾವು ವಾಸಿಸುವ ಜಿಲ್ಲೆಯಲ್ಲಿಯೇ ಹೂಡಬಹುದು. ನಮಗದು ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಬೆಂಗಳೂರಿನ ವರ್ತಕನೇ ಕಾರವಾರಕ್ಕೆ ಬಂದು ಜವಾಬು ಕೊಡತಕ್ಕದ್ದು. ಕೊಟ್ಟ ಬೆಲೆಯು ೫ ಲಕ್ಷ ರೂಪಾಯಿಗೆ ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನಿಡಲೇಬೇಕೆಂಬ ಕಟ್ಟಳೆಯಿಲ್ಲ. ದೇವಿಮನೆ ಘಟ್ಟವನ್ನೋ ಅರಬೈಲು ಘಟ್ಟವನ್ನೋ ಇಳಿದು ಹೋಗಲಾರದವರು ಸರಕಾರದ ಇ-ಜಾಗೃತಿ ತಾಣದ ಮೂಲಕ ಮನೆಯಿಂದಲೇ ದೂರನ್ನು ಸಲ್ಲಿಸಬಹುದು. ವಿಡಿಯೋ ಮೂಲಕ ವಿಚಾರಣೆಯಲ್ಲಿ ಪಾಲ್ಗೊಳ್ಳಲು ಕೇಳಿಕೊಳ್ಳುವುದಕ್ಕೂ ಕಾಯಿದೆಯಲ್ಲಿ ಅವಕಾಶವಿದೆ. ಅದಕ್ಕೂ ಮೊದಲು ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ನೋಡಬೇಕು. ಅಲ್ಲಿ ಕನ್ನಡದಲ್ಲಿ ಮಾತನಾಡುವ ಅನುಕೂಲವಿದೆ. ಹೆಸರಿಗೆ ಅಂಜುವ ವರ್ತಕರಾದರೆ ಅಷ್ಟರಿಂದಲೇ ದಾರಿಗೆ ಬರುವುದುಂಟು.

ದೂರಿಗೆ ಕಾರಣವೊದಗಿದ ದಿನದಿಂದ ಎರಡು ವರ್ಷಗಳೊಳಗೆ ಅದನ್ನು ಹೂಡಬೇಕು. ಎದುರುಪಕ್ಷಕ್ಕೆ ನೋಟೀಸು ಮುಟ್ಟಿದ ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯಿದೆಯ ಆಶಯ. ಇದಕ್ಕಿಂತ ಹೆಚ್ಚು ಕಾಲ ಹಿಡಿಯುವುದೂ ಇದೆ, ಆ ತಾಳ್ಮೆಯನ್ನಿಟ್ಟುಕೊಂಡೇ ಇಳಿಯಬೇಕು. ಮೇಲೆ ಹೇಳಿದ ಯಲ್ಲಾಪುರದ ಗೃಹಸ್ಥರು ಕೇಳಬಹುದಾದದ್ದು ಇಷ್ಟು: ದೋಷವನ್ನು ಸರಿಪಡಿಸಿಕೊಡುವುದು, ಇಲ್ಲವೆ ಬದಲಿ ಯಂತ್ರ, ಇಲ್ಲವೆ ಬಡ್ಡಿಯೊಡನೆ ಹಣ, ಅದರೊಂದಿಗೆ ಆದ ಕಷ್ಟನಷ್ಟಕ್ಕೆ ಪರಿಹಾರ. ಬಿಲ್ಲು, ಪೆಟ್ಟಿಗೆ, ಜಾಹೀರಾತಿನ ಪುಟದ ಚಿತ್ರ, ಸೇವಾಕೇಂದ್ರದವರು ವಾರಂಟಿಯಿಲ್ಲವೆಂದು ಬರೆದುಕೊಟ್ಟ ಚೀಟಿ ಇವು ಅವರ ಬಲ. ಸೇವಾಕೇಂದ್ರದವರು ಬಾಯಿಮಾತಿನಲ್ಲಿ ಹೇಳಿ ಕಳಿಸಲು ನೋಡುವರು. ಬರೆಸಿಕೊಳ್ಳದೆ ಅಲ್ಲಿಂದ ಏಳಬಾರದು.

ಕಡೆಯದಾಗಿ, ನಮ್ಮ ಸೀಮೆಯವರಿಗೇ ವಿಶೇಷವಾಗಿ ತಾಗುವ ಎರಡು ವಸ್ತುಗಳಿವೆ. ತೋಟದ ಕೆಳಗೆ ಮೊಬೈಲು ಕೇಳಿಸದೆಂದು ವಾಕಿ-ಟಾಕಿಗಳನ್ನು ಹೊರದೇಶದ ತಾಣಗಳಿಂದ ತರಿಸುವ ಯೋಚನೆ ಕೆಲವರಲ್ಲಿ ಹುಟ್ಟೀತು. ನಮ್ಮಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದದ್ದು ೪೪೬.೦ರಿಂದ ೪೪೬.೨ ಮೆಗಾಹರ್ಟ್ಸ್ ತರಂಗದ ಕಡಿಮೆ ಶಕ್ತಿಯ ಯಂತ್ರಗಳನ್ನು ಮಾತ್ರ, ಅವಕ್ಕೂ ದೂರಸಂಪರ್ಕ ಇಲಾಖೆಯ ಒಪ್ಪಿಗೆ ಪಡೆದ ಮಾದರಿಯಾಗಿರಬೇಕು. ತರಂಗದ ವಿವರವನ್ನೇ ಹೇಳದೆ ಇಂತಹವನ್ನು ಮಾರುತ್ತಿದ್ದ ಆನ್‌ಲೈನ್ ತಾಣಗಳಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ೨೦೨೫ರ ಮೇ ತಿಂಗಳಿನಲ್ಲಿ ನೋಟೀಸು ಕೊಟ್ಟಿತು. ಎರಡನೆಯದು ಡ್ರೋನು. ೨೦೨೨ರ ಫೆಬ್ರವರಿ ೯ರಿಂದ ತಯಾರಾದ ಡ್ರೋನನ್ನು ಹೊರದೇಶದಿಂದ ತರಿಸುವುದಕ್ಕೆ ನಿಷೇಧವಿದೆ. ಸಂಶೋಧನೆ, ರಕ್ಷಣೆ, ಭದ್ರತೆಯ ಕೆಲಸಗಳಿಗೆ ಮಾತ್ರ ಅನುಮತಿಯ ಮೇಲೆ ತರಿಸಬಹುದು. ತೋಟಕ್ಕೆ ಮದ್ದು ಸಿಂಪಡಿಸಲೆಂದೋ ಮದುವೆಯ ಚಿತ್ರ ತೆಗೆಯಲೆಂದೋ ತರಿಸಿದವರ ಡ್ರೋನು ಸುಂಕದ ಕಟ್ಟೆಯಲ್ಲಿಯೇ ಉಳಿಯುವುದು. ಈ ಎರಡು ವಸ್ತುಗಳಲ್ಲಿ ದೋಷವೇನೂ ಇಲ್ಲದಿದ್ದರೂ ಹಣ ಹೋದಂತೆಯೇ. ಏಕೆಂದರೆ ವರ್ತಕನು ತಾನು ಕಳಿಸಿದ್ದೇನೆಂಬ ರಸೀದಿಯನ್ನು ತೋರಿಸುವನು, ಬ್ಯಾಂಕಿನವರು ಆ ರಸೀದಿಯನ್ನು ನಮಗೆ ತೋರಿಸುವರು.